ಹೀರೆಬಳ್ಳಿಯ ದೂರು ಹಿಡಿದು ಟೆಕ್ಸಸ್ ಶಾಸನಸಭೆಗೆ

2022ರ ಬೇಸಿಗೆಯಲ್ಲಿ ನಮ್ಮ ಬಡಾವಣೆಯ ಮನೆ ಮಾಲೀಕರ ಸಂಘದಿಂದ ಒಂದು ನೋಟೀಸು ಬಂತು. ಬೇಲಿಗಿಂತ ಎತ್ತರಕ್ಕೆ ಎದ್ದಿರುವ 'ರಚನೆ' ಬೀದಿಗೆ ಕಾಣುತ್ತಿದೆ, ಹದಿನಾಲ್ಕು ದಿನದೊಳಗೆ ತೆಗೆಯಿರಿ, ಇಲ್ಲದಿದ್ದರೆ ದಂಡ. ಜೊತೆಗೊಂದು ಕಲರ್ ಫೋಟೋ. ಯಾರೋ ಕಾರಿನಲ್ಲಿ ಕೂತೇ ತೆಗೆದದ್ದು, ಕಿಟಕಿಯ ಅಂಚೂ ಅದರಲ್ಲಿ ಬಿದ್ದಿತ್ತು. ರಚನೆ ಅಂದರೆ ನನ್ನ ಹೀರೆ ಚಪ್ಪರ. ಆರು ಬಿದಿರು ಗಳ, ಮೇಲೊಂದು ಹಳೇ ನೈಲಾನ್ ಬಲೆ. ಹಳದಿ ಹೂವು, ಮೊಳದುದ್ದದ ಕಾಯಿ, ಎಲ್ಲಾ ಚೆನ್ನಾಗಿ ಬಂದಿತ್ತು. ಹಾಸನದಲ್ಲಿರುವ ಅಪ್ಪನಿಗೆ ವಾಟ್ಸಾಪ್ ಮಾಡಿದೆ. "ಫೋಟೋ ಚೆನ್ನಾಗಿದೆ ಕಣೇ, ಯಾರು ತೆಗೆದಿದ್ದು?" ಅಂದರು.

ನಾವಿರುವುದು ಆಸ್ಟಿನ್‌ನ ಉತ್ತರಕ್ಕೆ, ರೌಂಡ್ ರಾಕ್‌ನಲ್ಲಿ. ಇಲ್ಲಿನ ಹೊಸ ಬಡಾವಣೆಗಳಲ್ಲಿ ಮನೆ ಕೊಂಡರೆ ಸಂಘಕ್ಕೂ ಸೇರಿದಂತೆಯೇ. ಹುಲ್ಲು ಎಷ್ಟೆತ್ತರ ಇರಬೇಕು, ಕಸದ ಡಬ್ಬ ಯಾವಾಗ ಒಳಗಿಡಬೇಕು, ಎಲ್ಲಕ್ಕೂ ರೂಲ್ಸು. ಚಪ್ಪರ ಬಿಚ್ಚಿದೆ. ಹೊಟ್ಟೆ ಉರಿಯಿತು.

ಮುಂದಿನ ವರ್ಷ ಗೆಳತಿಯೊಬ್ಬಳು ಒಂದು ಸುದ್ದಿ ತಂದಳು. ಮನೆಯವರು ತಮ್ಮ ಜಾಗದಲ್ಲಿ ತರಕಾರಿ ಬೆಳೆಯುವುದನ್ನು ಸಂಘಗಳು ತಡೆಯಬಾರದು ಅಂತ ಒಂದು ಮಸೂದೆ ಬಂದಿದೆಯಂತೆ, ಸಮಿತಿಯಲ್ಲಿ ವಿಚಾರಣೆ ಇದೆಯಂತೆ, ಯಾರು ಬೇಕಾದರೂ ಹೋಗಿ ಮಾತಾಡಬಹುದಂತೆ. "ಯಾರು ಬೇಕಾದ್ರೂ?" ಅಂತ ಎರಡು ಸಲ ಕೇಳಿದೆ. ನಾನಿನ್ನೂ ಗ್ರೀನ್ ಕಾರ್ಡಿನವಳು, ವೋಟು ಇಲ್ಲ. "ಹೂಂ ಕಣೇ, ವೋಟರ್ ಐಡಿ ಕೇಳಲ್ಲ" ಅಂದಳು.

ಟೆಕ್ಸಸ್ ಶಾಸನಸಭೆ ಸೇರುವುದು ಎರಡು ವರ್ಷಕ್ಕೊಮ್ಮೆ, ಬೆಸ ಸಂಖ್ಯೆಯ ವರ್ಷಗಳಲ್ಲಿ, 140 ದಿನ. ಕೆಳಮನೆಯಲ್ಲಿ 150 ಜನ, ಸೆನೆಟ್‌ನಲ್ಲಿ 31. ಸಂಬಳ ತಿಂಗಳಿಗೆ 600 ಡಾಲರ್, ಕೂತ ದಿನಕ್ಕೆ ಭತ್ಯೆ ಬೇರೆ. ಆ ಸಂಬಳದಲ್ಲಿ ಆಸ್ಟಿನ್‌ನಲ್ಲಿ ಒಂದು ರೂಮೂ ಸಿಗುವುದು ಕಷ್ಟ. ಈ 140 ದಿನದಲ್ಲಿ ಬೀಳುವ ಮಸೂದೆಗಳು ಸಾವಿರಾರು. ಹಾಗಾಗಿ ಇಲ್ಲಿ ಮಸೂದೆಗಳು ಸಾಯುವುದೇ ಜಾಸ್ತಿ. ಅದೂ ಯಾರೂ ಸೋಲಿಸದೆ, ಸುಮ್ನೆ ಟೈಮ್ ಮುಗಿದು.

2023ರ ಏಪ್ರಿಲ್‌ನ ಆ ದಿನ ನಾನು ಬೆಳಗ್ಗೆ ಎಂಟಕ್ಕೇ ಹೊರಟೆ. ಡಬ್ಬಿಗೆ ಚಿತ್ರಾನ್ನ. ಶಾಸನಸಭೆ ಸೇರುವ ಕ್ಯಾಪಿಟಲ್ ಅಂದರೆ 1888ರಲ್ಲಿ ಕಟ್ಟಿ ಮುಗಿಸಿದ ಕೆಂಪು ಗ್ರಾನೈಟಿನ ದೊಡ್ಡ ಕಟ್ಟಡ. ಬಾಗಿಲ ಹಿತ್ತಾಳೆ ಕೀಲಿನ ಮೇಲೂ 'ಟೆಕ್ಸಸ್ ಕ್ಯಾಪಿಟಲ್' ಅಂತ ಕೆತ್ತಿದ್ದಾರೆ. ಯಾರಾದರೂ ಕದ್ದುಕೊಂಡು ಹೋದರೆ ಗುರುತು ಸಿಗಲಿ ಅಂತಲೋ ಏನೋ. ಆದರೆ ನಮ್ಮಂಥವರ ಕೆಲಸ ಆ ಚೆಂದದ ಕಟ್ಟಡದಲ್ಲಲ್ಲ, ಅದರ ಹಿಂದೆ ನೆಲದಡಿಯಲ್ಲಿ. ಹಿಂಬದಿಯ ನೆಲ ಅಗೆದು ನೆಲಮಾಳಿಗೆಗಳನ್ನು 1993ರಲ್ಲಿ ಕಟ್ಟಿ ಮುಗಿಸಿದರು. ಸಮಿತಿ ಕೋಣೆಗಳು ಬಹುತೇಕ ಅಲ್ಲೇ. ಎಸಿ ಎಷ್ಟೆಂದರೆ ಏಪ್ರಿಲ್‌ನಲ್ಲೂ ಸ್ವೆಟರ್ ಬೇಕು.

ಹೆಸರು ಕೊಡಲು ಗೋಡೆ ಪಕ್ಕ ಟಚ್‌ಸ್ಕ್ರೀನ್‌ಗಳಿವೆ. ಫೋನಿನಲ್ಲೂ ಮಾಡಬಹುದು, ಆದರೆ ಕಟ್ಟಡದೊಳಗಿನ ವೈಫೈಗೆ ಸೇರಿಯೇ ಮಾಡಬೇಕು. ಮನೆಯಲ್ಲಿ ಕೂತು ಆಗಲ್ಲ. ಯಾವ ಮಸೂದೆ, ಪರವೋ ವಿರೋಧವೋ ಅಥವಾ ಎರಡೂ ಅಲ್ಲದೆ 'ಅದರ ಮೇಲೆ' ಮಾತೋ, ಯಾರ ಪರವಾಗಿ ಬಂದಿದ್ದೀರಿ. ನಾನು 'ಸ್ವಂತ' ಒತ್ತಿದೆ. ಹೇಳುವುದೆಲ್ಲ ಸತ್ಯ ಅಂತ ಒಪ್ಪಿ ಇನ್ನೊಂದು ಸಲ ಒತ್ತಬೇಕು. ಪೌರತ್ವ ಯಾರೂ ಕೇಳಲಿಲ್ಲ.

ವಿಚಾರಣೆ ಎಷ್ಟು ಹೊತ್ತಿಗೆ? ನೋಟೀಸಿನಲ್ಲಿ ಗಂಟೆಯೇ ಇಲ್ಲ. 'ಸದನ ಮುಗಿದ ಮೇಲೆ' ಅಂತ ಇತ್ತು. ಸದನ ಮುಗಿದದ್ದು ಮಧ್ಯಾಹ್ನ ಎರಡಕ್ಕೆ. ನಮ್ಮ ಮಸೂದೆಯ ಸರದಿ ಬಂದದ್ದು ರಾತ್ರಿ ಒಂಬತ್ತೂವರೆಗೆ. ಹೊರಗಿನ ಬೆಂಚಿನಲ್ಲಿ ಚಿತ್ರಾನ್ನ ತಿಂದೆ. ಪಕ್ಕದಲ್ಲಿ ಕೂತಿದ್ದ ಅಮ್ಮನೊಬ್ಬಳು ಬೇರೆಯ ಮಸೂದೆಗೆ ಕಾಯುತ್ತಾ ಸ್ವೆಟರ್ ಹೆಣೆಯುತ್ತಿದ್ದಳು. ನಾನು ಬಂದಾಗ ಬೆನ್ನಿನ ಭಾಗ ನಡೆಯುತ್ತಿತ್ತು, ನನ್ನ ಹೆಸರು ಕರೆದಾಗ ಎರಡನೇ ತೋಳಿಗೆ ಬಂದಿದ್ದಳು.

ಇಷ್ಟು ಹೊತ್ತು ಕೂತಿದ್ದರಿಂದ ಒಂದು ಲಾಭ ಆಯಿತು. ಅಧ್ಯಕ್ಷರನ್ನು ನೋಡಲು ಸಿಕ್ಕಿತು. ಯಾವ ಮಸೂದೆ ಮೊದಲು, ಯಾವುದು ಆಮೇಲೆ, ಯಾರಿಗೆ ಎರಡು ನಿಮಿಷ, ಯಾರನ್ನು ಮೂರನೇ ನಿಮಿಷಕ್ಕೂ ಬಿಡುವುದು, ಎಲ್ಲಾ ಅವರ ಇಷ್ಟ. ಕೈಯಲ್ಲೊಂದು ಮರದ ಸುತ್ತಿಗೆ. ಅದನ್ನು ಜೋರಾಗಿ ಕುಟ್ಟಿದ್ದು ನಾನು ನೋಡಲಿಲ್ಲ. ಹೆಬ್ಬೆರಳಿನಿಂದ ಹಿಡಿಯನ್ನು ಸುಮ್ನೆ ತಿರುಗಿಸುತ್ತಿದ್ದರು, ನಮ್ಮ ಕಡೆ ಮೇಷ್ಟ್ರು ಚಾಕ್‌ಪೀಸ್ ತಿರುಗಿಸಿದ ಹಾಗೆ. ಮುಖ್ಯ ವಿಷಯ ಇದು: ಸಮಿತಿಗೆ ಬಂದ ಮಸೂದೆಯನ್ನು ವಿಚಾರಣೆಗೆ ತರುವುದು, ಆಮೇಲೆ ವೋಟಿಗೆ ಹಾಕುವುದು ಹೆಚ್ಚುಕಡಿಮೆ ಅಧ್ಯಕ್ಷರ ಕೈಲೇ ಇದೆ. ಬೇಡ ಅನಿಸಿದರೆ 'ಬೇಡ' ಅನ್ನಬೇಕಾಗಿಯೂ ಇಲ್ಲ.

ನನ್ನ ಹೆಸರನ್ನು ಅವರು ಮೂರು ತುಂಡು ಮಾಡಿ ಓದಿದರು. ಹೋಗಿ ಕೂತೆ. ಬರೆದು ತಂದದ್ದನ್ನು ಓದುವುದು ಬಿಟ್ಟು ಬ್ಯಾಗಿನಿಂದ ಹೀರೆಕಾಯಿ ತೆಗೆದು ಮೇಜಿನ ಮೇಲಿಟ್ಟೆ. ಇಂಡಿಯನ್ ಅಂಗಡಿಯಿಂದ ತಂದದ್ದು. ನನ್ನ ಚಪ್ಪರ ಬಿಚ್ಚಿ ಒಂದು ವರ್ಷ ಆಗುತ್ತಾ ಬಂದಿತ್ತಲ್ಲ. "ಇದೇ ಆ ರಚನೆ ಹೊತ್ತಿದ್ದ ಭಾರ" ಅಂದೆ. ಒಬ್ಬಿಬ್ಬರು ನಕ್ಕರು. ಒಬ್ಬ ಸದಸ್ಯೆ ಅದರ ರುಚಿ ಹೇಗಿರುತ್ತೆ ಅಂತ ಕೇಳಿದರು. ಸಿಪ್ಪೆಯಲ್ಲೂ ಚಟ್ನಿ ಮಾಡ್ತೀವಿ ಅಂದೆ. ಎರಡು ನಿಮಿಷ ಮುಗಿಯಿತು. ಕೊನೆಗೆ ಅಧ್ಯಕ್ಷರು ಮಸೂದೆಯನ್ನು 'ಪೆಂಡಿಂಗ್' ಇಡುತ್ತೇವೆ ಅಂದರು.

ನಾನು ಅದನ್ನು ಒಳ್ಳೇ ಸುದ್ದಿ ಅಂದುಕೊಂಡೆ. ಎರಡು ವಾರ ಬಿಟ್ಟು ಮಸೂದೆ ತಂದಿದ್ದ ಶಾಸಕರ ಆಫೀಸಿಗೆ ಫೋನು ಮಾಡಿದೆ. ಎತ್ತಿಕೊಂಡ ಹುಡುಗ ಪಾಪ ಒಳ್ಳೆಯವನು. "ಮ್ಯಾಮ್, ಎಲ್ಲಾ ಮಸೂದೆಯನ್ನೂ ಮೊದಲು ಪೆಂಡಿಂಗೇ ಇಡ್ತಾರೆ. ಅಲ್ಲಿಂದ ಎದ್ದು ಬಂದ್ರೆ ಬಂತು" ಅಂದ. ಎದ್ದು ಬರಲಿಲ್ಲ. ಮೇ ತಿಂಗಳು ಕಳೆಯಿತು, ಅಧಿವೇಶನ ಮುಗಿಯಿತು. ಯಾಕೆ ಅಂತ ಯಾರೂ ಹೇಳಲಿಲ್ಲ.

ನಮ್ಮ ಬೇಲಿಯಾಚೆ ಒಬ್ಬ ಅಜ್ಜ ಇದ್ದಾರೆ. ಟೆಕ್ಸಸ್‌ನಲ್ಲೇ ಹುಟ್ಟಿ ಬೆಳೆದವರು, ರಿಪಬ್ಲಿಕನ್ ಪಕ್ಷದ ಕಟ್ಟಾ ಕಾರ್ಯಕರ್ತ. ನನ್ನ ಹೀರೆಕಾಯಿಗೆ ಅವರ ಹೆಂಡತಿ ಅಭಿಮಾನಿ. ಮಸೂದೆ ಹೋಯಿತು ಅಂದಾಗ ಅವರಿಗೆ ಕಾರಣ ಕ್ಲಿಯರ್ ಆಗಿತ್ತು. "ಆ ಸಮಿತಿಯ ಅಧ್ಯಕ್ಷ ಡೆಮಾಕ್ರಾಟ್ ಅಲ್ವಾ? ಮತ್ತಿನ್ನೇನು!"

ನನಗೆ ಅಲ್ಲಿಯವರೆಗೆ ಆ ಅಧ್ಯಕ್ಷರ ಪಕ್ಷ ಯಾವುದು ಅಂತ ಗೊತ್ತೇ ಇರಲಿಲ್ಲ! ಸದನದಲ್ಲಿ ರಿಪಬ್ಲಿಕನ್ನರದೇ ಬಹುಮತ, 86 ಜನ. ಹಾಗಿರುವಾಗ ಸುತ್ತಿಗೆ ಎದುರು ಪಕ್ಷದವರ ಕೈಗೆ ಹೇಗೆ ಬಂತು? ಕೂತು ಓದಿದೆ. ವಾಷಿಂಗ್ಟನ್‌ನ ಕಾಂಗ್ರೆಸ್‌ನಲ್ಲಿ ಬಹುಮತದ ಪಕ್ಷಕ್ಕೇ ಎಲ್ಲಾ ಅಧ್ಯಕ್ಷಗಿರಿ. ಟೆಕ್ಸಸ್‌ನ ರೂಢಿ ಆಗ ಬೇರೆ ಇತ್ತು. ಇಲ್ಲಿ ಸ್ಪೀಕರ್ ಅಧ್ಯಕ್ಷರನ್ನು ನೇಮಿಸುತ್ತಿದ್ದರು, ಎರಡೂ ಪಕ್ಷದಿಂದ. ಡೆಮಾಕ್ರಾಟ್ ಸ್ಪೀಕರ್ ಪೀಟ್ ಲೇನಿ ಕಾಲದಲ್ಲಿ ರಿಪಬ್ಲಿಕನ್ನರಿಗೂ ಸಿಗುತ್ತಿತ್ತು. 2003ರಲ್ಲಿ ಕೆಳಮನೆ ರಿಪಬ್ಲಿಕನ್ನರ ಕೈಗೆ ಬಂದಾಗ ಸ್ಪೀಕರ್ ಟಾಮ್ ಕ್ರ್ಯಾಡಿಕ್ ಅದೇ ರೂಢಿ ಮುಂದುವರಿಸಿದರು. 2021ರಲ್ಲಿ ಸ್ಪೀಕರ್ ಡೇಡ್ ಫೀಲನ್ 13 ಡೆಮಾಕ್ರಾಟರಿಗೆ ಕೊಟ್ಟರು. 2023ಕ್ಕೆ ಅದು 8ಕ್ಕೆ ಇಳಿದಿತ್ತು. ಸೆನೆಟ್‌ನಲ್ಲಂತೂ ಆ ಹೊತ್ತಿಗೆ ಒಬ್ಬರೇ ಉಳಿದಿದ್ದರು, ಹ್ಯೂಸ್ಟನ್‌ನ ಜಾನ್ ವಿಟ್ಮೈರ್. ಅವರೂ ಅದೇ ವರ್ಷ ಮೇಯರ್ ಚುನಾವಣೆ ಗೆದ್ದು ಹೊರಟರು.

ಉದಾರತೆ ಅಂತ ಅನಿಸಬಹುದು. ಅಷ್ಟು ಸರಳ ಅಲ್ಲ. ಬಜೆಟ್ಟಿನ ಸಮಿತಿ, ಯಾವ ಮಸೂದೆ ಯಾವ ದಿನ ಸದನಕ್ಕೆ ಬರಬೇಕು ಅಂತ ತೀರ್ಮಾನಿಸುವ ಕ್ಯಾಲೆಂಡರ್ಸ್ ಸಮಿತಿ, ಇವೆಲ್ಲ ಆಳುವ ಪಕ್ಷದಲ್ಲೇ ಇದ್ದವು. ಉಳಿದ ಕುರ್ಚಿಗಳನ್ನು ಹಂಚುತ್ತಿದ್ದದ್ದು ಸ್ಪೀಕರ್ ಚುನಾವಣೆಯ ಲೆಕ್ಕಕ್ಕೂ ಅನುಕೂಲ. 2009ರಲ್ಲಿ ಜೋ ಸ್ಟ್ರಾಸ್ ಸ್ಪೀಕರ್ ಆದದ್ದೇ ತಮ್ಮ ಪಕ್ಷದ ಒಂದು ಸಣ್ಣ ಗುಂಪು ಮತ್ತು ಡೆಮಾಕ್ರಾಟರ ಬೆಂಬಲದಿಂದ. ಕುರ್ಚಿ ಪಡೆದ ಎದುರು ಪಕ್ಷದವರು ಅದನ್ನು ಕೊಟ್ಟವರನ್ನು ಮರೆಯುತ್ತಾರಾ?

ಅಪ್ಪನಿಗೆ ಇದನ್ನು ಹೇಳಿದೆ. ಅವರು ಖಜಾನೆ ಇಲಾಖೆಯಲ್ಲಿದ್ದು ನಿವೃತ್ತರಾದವರು. "ಇದರಲ್ಲೇನಿದೆ? ನಮ್ಮ ಸಾರ್ವಜನಿಕ ಲೆಕ್ಕಪತ್ರ ಸಮಿತಿಗೂ ವಿರೋಧ ಪಕ್ಷದವರೇ ಅಧ್ಯಕ್ಷರು" ಅಂದರು. ಹೌದು, ಲೋಕಸಭೆಯಲ್ಲಿ 1967ರಿಂದಲೂ ಆ ರೂಢಿ ಇದೆ, ಕರ್ನಾಟಕದಲ್ಲೂ ಹಾಗೆಯೇ.

"ಆದ್ರೆ ಅಪ್ಪ, ಅದು ಖರ್ಚಾದ ಮೇಲೆ ಲೆಕ್ಕ ಕೇಳೋ ಸಮಿತಿ. ಇಲ್ಲಿ ಅಧ್ಯಕ್ಷ ಕಾನೂನು ಹುಟ್ಟೋದಕ್ಕೆ ಮೊದಲೇ ಬಾಗಿಲಲ್ಲಿ ಕೂತಿರ್ತಾನೆ."

"ಕೂತಿರ್ಲಿ. ಬಾಗಿಲ ಬೀಗದ ಕೈ ಯಾರ ಹತ್ರ ಇದೆ ಹೇಳು. 2020ರಲ್ಲಿ ಏನಾಯ್ತು ನೆನಪಿದ್ಯಾ?"

ನೆನಪಿತ್ತು. ಕೊರೋನಾ ಸಾಮಗ್ರಿ ಖರೀದಿಯ ವಿಷಯದಲ್ಲಿ ಸಮಿತಿಯ ಅಧ್ಯಕ್ಷ ಎಚ್.ಕೆ. ಪಾಟೀಲರು ಸ್ಥಳ ಪರಿಶೀಲನೆಗೆ ಹೊರಟಿದ್ದರು. ಕೋವಿಡ್ ಕಾರಣ ಹೇಳಿ ಸಮಿತಿಗಳ ಭೇಟಿಗೆ ತಡೆ ಹಾಕಿದ್ದು ಆಗಿನ ಸ್ಪೀಕರ್ ವಿಶ್ವೇಶ್ವರ ಹೆಗಡೆ ಕಾಗೇರಿ. ಕುರ್ಚಿ ವಿರೋಧ ಪಕ್ಷದ್ದು, ಹಗ್ಗದ ತುದಿ ಸ್ಪೀಕರ್ ಕೈಲಿ. ಹಾಸನದಲ್ಲಿ ಕೂತು ಅಪ್ಪ ಟೆಕ್ಸಸ್ಸನ್ನು ನನಗಿಂತ ಬೇಗ ಅರ್ಥ ಮಾಡಿಕೊಂಡಿದ್ದರು.

ಬೇಲಿಯಾಚೆಯ ಅಜ್ಜ ಇದನ್ನು ಒಪ್ಪಲಿಲ್ಲ. "ಚುನಾವಣೆ ಗೆದ್ದದ್ದು ನಾವು, ಸುತ್ತಿಗೆ ಅವರ ಕೈಲಿ ಯಾಕಿರಬೇಕು?" ಅನ್ನುವುದು ಅವರ ಪ್ರಶ್ನೆ. ಅದು ಅವರೊಬ್ಬರದೇ ಅಲ್ಲ. ಡೆಮಾಕ್ರಾಟ್ ಅಧ್ಯಕ್ಷರು ಬೇಡ ಅನ್ನುವುದನ್ನು ಟೆಕ್ಸಸ್‌ನ ರಿಪಬ್ಲಿಕನ್ ಪಕ್ಷ ತನ್ನ ಅಧಿಕೃತ ಆದ್ಯತೆಗಳ ಪಟ್ಟಿಯಲ್ಲೇ ಸೇರಿಸಿತ್ತು. ಸುಳ್ಳು ಹೇಳಬಾರದು, ಪ್ರಶ್ನೆಯಲ್ಲಿ ನ್ಯಾಯ ಇದೆ. ಒಂದು ಪಕ್ಷವನ್ನು ಗೆಲ್ಲಿಸಿದ ಮೇಲೆ ಅದರ ಕೆಲಸ ಆಗದಿದ್ದರೆ ಯಾರನ್ನು ಕೇಳಬೇಕು ಅನ್ನುವುದು ವೋಟು ಹಾಕಿದವನಿಗೆ ಗೊತ್ತಿರಬೇಕಲ್ಲವೇ.

2024ರ ಡಿಸೆಂಬರ್‌ನಲ್ಲಿ ಫೀಲನ್ ಸ್ಪೀಕರ್ ಸ್ಪರ್ಧೆಯಿಂದ ಹಿಂದೆ ಸರಿದರು. 2025ರ ಜನವರಿ 14ಕ್ಕೆ ಹೊಸ ಅಧಿವೇಶನ. ಸ್ಪರ್ಧೆ ಇಬ್ಬರು ರಿಪಬ್ಲಿಕನ್ನರ ನಡುವೆ, ಡಸ್ಟಿನ್ ಬರೋಸ್ ಮತ್ತು ಡೇವಿಡ್ ಕುಕ್. ಅಜ್ಜ ಕುಕ್ ಪರ, ಡೆಮಾಕ್ರಾಟ್ ಅಧ್ಯಕ್ಷರನ್ನು ತೆಗೆಯುತ್ತೇನೆ ಅಂದದ್ದು ಅವರೇ ಅಂತ. ಬೆಳಗಿನ ಜಾವವೇ ಎದ್ದು ಗ್ಯಾಲರಿಗೆ ಹೋಗಿದ್ದರು. ನಾನು ಆಫೀಸಿನ ಕೆಲಸದ ಮಧ್ಯೆ ಲೈವ್ ಹಾಕಿಕೊಂಡಿದ್ದೆ. ಎರಡನೇ ಸುತ್ತಿನಲ್ಲಿ ಬರೋಸ್ 85-55ರಿಂದ ಗೆದ್ದರು. ಆ 85ರಲ್ಲಿ 49 ಡೆಮಾಕ್ರಾಟರು, 36 ರಿಪಬ್ಲಿಕನ್ನರು. ಸ್ವಂತ ಪಕ್ಷಕ್ಕಿಂತ ಎದುರು ಪಕ್ಷದ ವೋಟೇ ಜಾಸ್ತಿ! ಸಂಜೆ ಅಜ್ಜನ ಮುಖ ನೋಡಲಾಗಲಿಲ್ಲ. "ಮುಗೀತು, ಇನ್ನು ಎಲ್ಲಾ ಕುರ್ಚಿ ಅವರಿಗೇ" ಅಂದರು.

ಒಂಬತ್ತೇ ದಿನಕ್ಕೆ, ಜನವರಿ 23ರಂದು, ಸದನ ತನ್ನ ನಿಯಮಗಳನ್ನು ಒಪ್ಪಿಕೊಂಡಿತು. ಇನ್ನು ಮುಂದೆ ಸಮಿತಿ ಅಧ್ಯಕ್ಷರು ಬಹುಮತದ ಪಕ್ಷದವರೇ ಆಗಿರಬೇಕು. ಉಪಾಧ್ಯಕ್ಷ ಸ್ಥಾನ ಎದುರು ಪಕ್ಷಕ್ಕೆ. ಸಮಿತಿಗಳೂ 34ರಿಂದ 30ಕ್ಕೆ ಇಳಿದವು. ವೋಟು 116-23. ನಾನು ಬೆರಳು ಮಡಚಿ ಎಣಿಸಿದೆ. ರಿಪಬ್ಲಿಕನ್ನರು ಇರುವುದೇ 88. ಅಷ್ಟೂ ಜನ ಹೌದು ಅಂದಿದ್ದರೂ ಉಳಿದ 28 ವೋಟು ಡೆಮಾಕ್ರಾಟರದ್ದೇ ಆಗಿರಬೇಕು. ತಮ್ಮ ಕೈಯಿಂದ ಸುತ್ತಿಗೆ ಹೋಗುವ ನಿಯಮಕ್ಕೆ ತಾವೇ ಕೈ ಎತ್ತಿದವರು! ಮೊದಲು ಸ್ಪೀಕರ್ ಮನಸ್ಸು ಮಾಡಿದರೆ ಒಂದಷ್ಟು ಅಧ್ಯಕ್ಷ ಕುರ್ಚಿ. ಈಗ ಯಾರ ಮರ್ಜಿಯೂ ಬೇಡದೆ ಎಲ್ಲಾ ಸಮಿತಿಯಲ್ಲೂ ಎರಡನೇ ಕುರ್ಚಿ. ಇದು ನಷ್ಟವೋ ಲಾಭವೋ ಅಂತ ಅವರಲ್ಲೇ ಒಮ್ಮತ ಇದ್ದ ಹಾಗೆ ಕಾಣಲಿಲ್ಲ. ಅಜ್ಜನಿಗೂ ಖುಷಿಪಡಬೇಕೋ ಬೇಡವೋ ತಿಳಿಯಲಿಲ್ಲ. ಕೇಳಿದ್ದು ಸಿಕ್ಕಿತ್ತು, ಆದರೆ ಕೊಟ್ಟದ್ದು ಬೇಡವಾದ ಮನುಷ್ಯ.

ತರಕಾರಿ ಮಸೂದೆ ಮತ್ತೆ ಬಂತು. ಹಳೇ ಸಮಿತಿ ಬೇರೆಯದರಲ್ಲಿ ಸೇರಿಹೋಗಿತ್ತು. ಈ ಸಲ ಅಜ್ಜನೂ ಬರುತ್ತೇನೆ ಅಂದರು. ಒಂದೇ ಕಾರಿನಲ್ಲಿ ಹೋದೆವು. ನಾನು ಪುಳಿಯೋಗರೆ, ಅವರು ಸ್ಯಾಂಡ್‌ವಿಚ್. ಅಧ್ಯಕ್ಷರು ಅಜ್ಜನ ಪಕ್ಷದವರು, ಪಕ್ಕದಲ್ಲಿ ಡೆಮಾಕ್ರಾಟ್ ಉಪಾಧ್ಯಕ್ಷೆ. ಕಾದದ್ದು ಐದೇ ಗಂಟೆ. ಅಷ್ಟಕ್ಕೇ ಅಜ್ಜ "ನೋಡಿದ್ಯಾ, ನಮ್ಮವರು ಹೇಗೆ ಟೈಮಿಗೆ ನಡೆಸ್ತಾರೆ" ಅಂತ ಮೊಣಕೈಯಲ್ಲಿ ತಿವಿದರು. ನನ್ನ ಹೆಸರನ್ನು ಈ ಅಧ್ಯಕ್ಷರು ಎರಡೇ ತುಂಡು ಮಾಡಿದರು.

ಮಾತು ಮುಗಿಸಿ ಏಳುವಾಗ ಉಪಾಧ್ಯಕ್ಷೆ ಒಂದು ಪ್ರಶ್ನೆ ಹಾಕಿದರು. ಬೀದಿಗೆ ಕಾಣದ ಹಾಗೆ ಎಷ್ಟು ಎತ್ತರದವರೆಗೆ ಬಿಟ್ಟರೆ ನಿಮಗೆ ಸಾಕು ಅಂತ. ಆರಡಿ ಅಂದೆ. ಅದನ್ನು ಬರೆದುಕೊಂಡರು. ಅಧ್ಯಕ್ಷರು ಪಕ್ಕಕ್ಕೆ ಬಾಗಿ ಅವರ ಹಾಳೆ ನೋಡಿ ತಲೆಯಾಡಿಸಿದರು. ಎರಡು ಅಧಿವೇಶನಗಳಲ್ಲಿ ನಾನು ಕಣ್ಣಾರೆ ಕಂಡ ಕಾನೂನು ಮಾಡುವ ಕೆಲಸ ಅಂದರೆ ಇದೊಂದೇ, ಹತ್ತು ಸೆಕೆಂಡು. ಮತ್ತೆ 'ಪೆಂಡಿಂಗ್'. ಆದರೆ ಈ ಸಲ ಎದ್ದು ಬಂತು. ಎರಡು ವಾರದ ಮೇಲೆ ಲೈವ್‌ನಲ್ಲಿ ನೋಡಿದೆ. ಗುಮಾಸ್ತೆ ಒಂದೊಂದೇ ಹೆಸರು ಕರೆದಳು, ಎರಡೂ ಪಕ್ಷದವರು ಹೌದು ಅಂದರು. ಆರಡಿ ತಿದ್ದುಪಡಿಯೂ ಸೇರಿತ್ತು. ಬೇಲಿ ಹತ್ತಿರ ಹೋಗಿ ಕೂಗಿದೆ. ಅಜ್ಜ ಹ್ಯಾಟು ತೆಗೆದು ಬೀಸಿದರು.

ಆಮೇಲೆ ಕ್ಯಾಲೆಂಡರ್ಸ್ ಸಮಿತಿ.

ಸಮಿತಿ ದಾಟಿದ ಮಸೂದೆ ಅಲ್ಲಿ ಹೋಗಿ ಕೂರುತ್ತದೆ. ಹನ್ನೊಂದು ಜನ, ಸ್ಪೀಕರ್ ನೇಮಿಸಿದವರು. ನಮ್ಮಂಥವರು ಹೋಗಿ ಎರಡು ನಿಮಿಷ ಮಾತಾಡುವ ಏರ್ಪಾಡು ಅಲ್ಲಿಲ್ಲ. ಟಚ್‌ಸ್ಕ್ರೀನ್ ಇಲ್ಲ, ಹೀರೆಕಾಯಿ ಇಡುವ ಮೇಜಿಲ್ಲ. ಹಿಂದಿನ ಎರಡು ಅಧಿವೇಶನಗಳಲ್ಲಿ ಆ ಸಮಿತಿಯ ಅಧ್ಯಕ್ಷರಾಗಿದ್ದವರು ಯಾರು ಅಂತ ಹುಡುಕಿದೆ. ಇದೇ ಡಸ್ಟಿನ್ ಬರೋಸ್. ಈ ಕೊನೆಯ ಬಾಗಿಲು ಯಾವತ್ತೂ ಎದುರು ಪಕ್ಷದವರ ಕೈಗೆ ಹೋಗಿರಲಿಲ್ಲ, ಅಷ್ಟು ವರ್ಷ ಗಲಾಟೆ ನಡೆಯುತ್ತಿದ್ದಾಗಲೂ.

ಕೆಳಮನೆಯ ಮಸೂದೆಗಳಿಗೆ ಮೇ 15ರ ಮಧ್ಯರಾತ್ರಿ ಗಡುವು. ಅಷ್ಟರಲ್ಲಿ ಸದನದಲ್ಲಿ ಮೊದಲ ವೋಟು ಆಗದಿದ್ದರೆ ಕತೆ ಮುಗಿದಂತೆ. ಕೊನೆಯ ಪಟ್ಟಿ ಬಂದಾಗ ಮೇಲಿನಿಂದ ಕೆಳಗೆ ಎರಡು ಸಲ ಓದಿದೆ. ನಮ್ಮ ನಂಬರು ಇರಲಿಲ್ಲ. ಆದರೂ 15ರ ರಾತ್ರಿ ಟಿವಿ ಹಾಕಿಕೊಂಡು ಕೂತೆ. ಯಾಕೋ ಗೊತ್ತಿಲ್ಲ. ಮೈಕ್ ಮುಂದೆ ನಿಂತು ಬೇಕಂತಲೇ ಎಳೆದು ಎಳೆದು ಮಾತಾಡುವವರು, ಗಡಿಯಾರ ನೋಡುವವರು. "ರೀ, ಮಲಗಲ್ವಾ?" ಅಂತ ನಾನು ದಿನಾ ಕೇಳುವ ಪ್ರಶ್ನೆಯನ್ನು ಅವತ್ತು ನಮ್ಮ ಯಜಮಾನರು ನನಗೆ ಕೇಳಿದರು. ಹನ್ನೆರಡು ಹೊಡೆಯಿತು. ಆ ಅಧಿವೇಶನದಲ್ಲಿ ಎಂಟು ಸಾವಿರಕ್ಕೂ ಹೆಚ್ಚು ಮಸೂದೆ ಬಂದಿದ್ದವು, ಕಾನೂನಾದದ್ದು 1,200ರ ಆಸುಪಾಸು.

ಬೆಳಗ್ಗೆ ಅಜ್ಜ ಗಿಡಕ್ಕೆ ನೀರು ಹಾಕುತ್ತಿದ್ದರು. ವಿಷಯ ಹೇಳಿದೆ. ಪೈಪು ಹಿಡಿದುಕೊಂಡೇ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಕ್ಯಾಲೆಂಡರ್ಸ್‌ನಲ್ಲಿ ಅಧ್ಯಕ್ಷರು ಯಾವ ಪಕ್ಷ?" ಅಂದರು. "ನಿಮ್ಮದೇ" ಅಂದೆ. "ಹ್ಮ್" ಅಂತ ನಲ್ಲಿ ಬಂದ್ ಮಾಡಿದರು. ಆಮೇಲೆ ಆ ವಿಷಯ ಎತ್ತಿಲ್ಲ.

ನಮ್ಮೂರಲ್ಲಾಗಿದ್ದರೆ ಇಷ್ಟಾದರೂ ಆಗುತ್ತಿತ್ತಾ ಅಂತ ಅಪ್ಪನನ್ನು ಕೇಳಿದೆ. ಕರ್ನಾಟಕದಲ್ಲಿ ಮಸೂದೆಗಳು ಸಮಿತಿಗೆ ಹೋಗುವುದೇ ಅಪರೂಪ, ಮಂಡಿಸಿ ಅದೇ ಅಧಿವೇಶನದಲ್ಲಿ ಪಾಸು ಮಾಡುತ್ತಾರೆ. ಗ್ರೇಟರ್ ಬೆಂಗಳೂರು ಮಸೂದೆ 2024ರಲ್ಲಿ ಜಂಟಿ ಸಮಿತಿಗೆ ಹೋಯಿತು. ಅಲ್ಲಿ ಅಧ್ಯಕ್ಷರು ಆಳುವ ಪಕ್ಷದ ರಿಜ್ವಾನ್ ಅರ್ಷದ್. ಅಪ್ಪ ಉತ್ತರ ಕೊಡಲಿಲ್ಲ. "ಅಲ್ಲ ಕಣೇ, ಮಸೂದೆ ಬಂದು ಹೋಗೋದ್ರೊಳಗೆ ಎರಡು ವರ್ಷ. ಹೀರೆ ಮೂರು ತಿಂಗಳ ಬೆಳೆ. ನೀನು ಬೆಳೀತಾ ಇರು" ಅಂದರು.

ಬೆಳೆದೆ. ಕಳೆದ ಬೇಸಿಗೆಯಲ್ಲಿ ಚಪ್ಪರವನ್ನು ಬೇಲಿಗಿಂತ ಒಂದಡಿ ತಗ್ಗಿಗೆ ಕಟ್ಟಿದೆ, ಬೀದಿಯಿಂದ ಏನೂ ಕಾಣಲ್ಲ. ಆದರೆ ಬಳ್ಳಿಗೆ ಇದೆಲ್ಲ ಗೊತ್ತಿಲ್ಲವಲ್ಲ. ಜುಲೈ ಹೊತ್ತಿಗೆ ಬೇಲಿಯ ಸಂದಿಯಿಂದ ಆ ಕಡೆ ನುಗ್ಗಿ ಅಜ್ಜನ ಓಕ್ ಮರ ಹತ್ತಿತ್ತು. ಅವರು ಕೀಳಲು ಬಿಡಲಿಲ್ಲ, ಹೆಂಡತಿಗೆ ಇಷ್ಟ ಅಂತ. ಒಂದು ದಿನ ಕೈಯಲ್ಲಿ ಕಾಗದ ಹಿಡಿದುಕೊಂಡು ಬಂದು ಬಾಗಿಲು ತಟ್ಟಿದರು. ಬೀದಿಗೆ ಕಾಣುವ ಹಾಗೆ ಬಳ್ಳಿ ಬೆಳೆದಿದೆ, ಹದಿನಾಲ್ಕು ದಿನದೊಳಗೆ ತೆಗೆಯಿರಿ. ಜೊತೆಗೊಂದು ಕಲರ್ ಫೋಟೋ.

ಮುಂದಿನ ಅಧಿವೇಶನ 2027ರ ಜನವರಿ 12ಕ್ಕೆ. ಕಾರು ತಾವೇ ಓಡಿಸುತ್ತೇನೆ ಅಂದಿದ್ದಾರೆ.